ಅಸಲಿ ಮ್ಯಾಂಚೆಸ್ಟರ್‌ನಲ್ಲಿ ಐದು ದಿನ: ಹತ್ತಿ ಹೋದ ದಾರಿ ಹಿಡಿದು

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ನಾನು, ನಮ್ಮ ಯಜಮಾನರು ಐದು ದಿನ ಅಲ್ಲಿರುತ್ತೇವೆ. ಅವರು ಕಾಟನ್ ಮಿಲ್‌ನ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದು ರಿಟೈರ್ ಆದವರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಲ್ಲ, ಅಸಲಿ ಮ್ಯಾಂಚೆಸ್ಟರ್ ಹೇಗಿದೆ ನೋಡಬೇಕು ಅನ್ನುವ ಆಸೆ ಅವರಿಗೆ. ಆದರೆ ಕೇಳಿದವರೆಲ್ಲ “ಅಲ್ಲೇನಿದೆ, ಫುಟ್‌ಬಾಲ್ ಸ್ಟೇಡಿಯಂ ನೋಡಿ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿಬಿಡಿ” ಅಂತಾರೆ. ಊರೊಳಗೆ ನಿಜವಾಗಿ ನೋಡುವಂಥದ್ದು ಏನಿದೆ? ನನಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು.

ಉತ್ತರ: ಲೇಕ್ ಡಿಸ್ಟ್ರಿಕ್ಟ್ ಚೆಂದದ ಜಾಗ. ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಇನ್ನೊಂದು ಸಲ ನೋಡಿದರಾಯಿತು. ಮಿಲ್‌ನಲ್ಲಿ ದುಡಿದವರು ಮ್ಯಾಂಚೆಸ್ಟರ್‌ವರೆಗೆ ಬಂದು ಊರು ಬಿಟ್ಟು ಕೆರೆ ನೋಡಲು ಹೋಗುವುದು ನನಗಂತೂ ಒಪ್ಪಿಗೆಯಿಲ್ಲ.

“ಅಲ್ಲೇನಿದೆ” ಅನ್ನುವವರ ಮಾತಲ್ಲೂ ಸ್ವಲ್ಪ ನಿಜ ಇದೆ. ಅರಮನೆ, ಕೋಟೆ ಹುಡುಕಿಕೊಂಡು ಬಂದರೆ ಇಲ್ಲಿ ನಿರಾಸೆಯೇ. ಇರುವುದು ಕೆಂಪು ಇಟ್ಟಿಗೆಯ ಗಿರಣಿ, ಕಾಲುವೆ, ಗೋದಾಮು, ರೈಲು ಸೇತುವೆ. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಹತ್ತಿ ಹೋದ ದಾರಿಯಲ್ಲಿ ಹೋಗಿ. ಅದು ಊರಿಗೆ ಬಂದದ್ದು ಎಲ್ಲಿ, ನೂಲಾದದ್ದು ಎಲ್ಲಿ, ಮಾರಾಟವಾದದ್ದು ಎಲ್ಲಿ, ದುಡ್ಡು ಯಾರ ಕೈ ಸೇರಿತು, ದುಡಿದವರ ಗತಿ ಏನಾಯಿತು. ಈ ಸಾಲಿನಲ್ಲಿ ನೋಡುತ್ತಾ ಹೋದರೆ ಇಟ್ಟಿಗೆ ಗೋಡೆಗಳಿಗೂ ಅರ್ಥ ಬರುತ್ತದೆ. ನಡುನಡುವೆ ನಮ್ಮ ಧಾರವಾಡ, ಗದಗ ಕೂಡ ಸಿಗುತ್ತವೆ.

ಮಂಡಿ ವಿಷಯಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಗರದ ನಡುಭಾಗ ಬಹುಪಾಲು ಸಮತಟ್ಟು, ದೂರಗಳೂ ಕಮ್ಮಿ. ಟ್ರಾಮ್‌ನ ಬಾಗಿಲು ಪ್ಲಾಟ್‌ಫಾರಂ ಮಟ್ಟಕ್ಕೇ ಇರುತ್ತದೆ, ಮೆಟ್ಟಿಲು ಹತ್ತಬೇಕಿಲ್ಲ. ಕಾಲುವೆ ದಂಡೆಯಲ್ಲಿ ಮಾತ್ರ ಅಲ್ಲಲ್ಲಿ ಉರುಟು ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ.

ಮೊದಲ ದಿನ ಕಾಸಲ್‌ಫೀಲ್ಡ್‌ನಿಂದ ಶುರು ಮಾಡಿ. ಡೀನ್ಸ್‌ಗೇಟ್-ಕಾಸಲ್‌ಫೀಲ್ಡ್ ಟ್ರಾಮ್ ಸ್ಟಾಪ್‌ನಲ್ಲಿ ಇಳಿದರೆ ಹತ್ತಿರವೇ. ಕ್ರಿ.ಶ. 79ರ ಸುಮಾರಿಗೆ ರೋಮನ್ನರು ಕೋಟೆ ಕಟ್ಟಿದ್ದು ಇಲ್ಲೇ, ಆದರೆ ನಿಮಗೆ ಬೇಕಾದ್ದು ಕಾಲುವೆ. ಬ್ರಿಜ್‌ವಾಟರ್‌ನ ಡ್ಯೂಕ್ ಒಬ್ಬನಿಗೆ ವರ್ಸ್ಲಿ ಅನ್ನುವಲ್ಲಿ ಕಲ್ಲಿದ್ದಲು ಗಣಿಗಳಿದ್ದವು. ಆ ಕಲ್ಲಿದ್ದಲನ್ನು ದೋಣಿಯಲ್ಲಿ ತರುವುದಕ್ಕೆಂದೇ ಅವನು ಕಾಲುವೆ ತೋಡಿಸಿದ. 1761ರಲ್ಲಿ ಅದು ತೆರೆಯಿತು, ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲ ಬೆಲೆ ಅರ್ಧಕ್ಕೆ ಇಳಿಯಿತು. ಉಗಿಯಂತ್ರಕ್ಕೆ ಅಗ್ಗದ ಕಲ್ಲಿದ್ದಲು, ಹತ್ತಿರದಲ್ಲೇ ಲಿವರ್‌ಪೂಲ್ ಬಂದರು, ಎಳೆ ಕಡಿಯದಂತೆ ಕಾಪಾಡುವ ತೇವದ ಗಾಳಿ. ಕಡೆಯದರ ಬೆಲೆ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಒಣ ಹವೆಯಲ್ಲಿ ನೂಲು ಎಷ್ಟು ಸಲ ತುಂಡಾಗುತ್ತದೆ ಅನ್ನುವುದು ಸ್ಪಿನ್ನಿಂಗ್ ಖಾತೆಯವರಿಗೆ ಹೇಳಿಕೊಡಬೇಕೇ? ಮ್ಯಾಂಚೆಸ್ಟರ್ ಮಳೆಯನ್ನು ಎಲ್ಲರೂ ಬೈಯುತ್ತಾರೆ, ಊರಿಗೆ ಅನ್ನ ಹಾಕಿದ್ದು ಅದೇ ಹವೆ.

ಅಲ್ಲಿಂದ ಲಿವರ್‌ಪೂಲ್ ರಸ್ತೆಯ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂಗೆ ನಡೆದೇ ಹೋಗಬಹುದು. ಪ್ರವೇಶ ಉಚಿತ. ಈ ಜಾಗವೇ ಒಂದು ಹಳೆಯ ರೈಲು ನಿಲ್ದಾಣ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಶುರುವಾದಾಗ ಇದೇ ಮ್ಯಾಂಚೆಸ್ಟರ್ ಕಡೆಯ ಕೊನೆ ನಿಲ್ದಾಣ. ಪ್ರಯಾಣಿಕರ ರೈಲು ನಿಲ್ದಾಣಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯದು ಇದು. ಉದ್ಘಾಟನೆಯ ದಿನವೇ ವಿಲಿಯಂ ಹಸ್ಕಿಸನ್ ಅನ್ನುವ ಸಂಸದ ದಾರಿ ಮಧ್ಯೆ ಗಾಡಿಯಿಂದ ಇಳಿದು ನಿಂತಿದ್ದಾಗ ‘ರಾಕೆಟ್’ ಎಂಜಿನ್ನಿಗೆ ಸಿಕ್ಕಿ ಸತ್ತ. ಲಿವರ್‌ಪೂಲ್‌ನಲ್ಲಿ ಹಡಗಿನಿಂದ ಇಳಿದ ಹತ್ತಿ ಬೇಲುಗಳು ಇದೇ ಹಳಿಯ ಮೇಲೆ ಬರುತ್ತಿದ್ದವು, ಬಟ್ಟೆ ಇದೇ ಹಳಿಯ ಮೇಲೆ ವಾಪಸ್ ಹೋಗುತ್ತಿತ್ತು. ಮ್ಯೂಸಿಯಂನ ಒಂದಲ್ಲ ಒಂದು ಕಟ್ಟಡ ದುರಸ್ತಿಗೆ ಮುಚ್ಚಿರುವುದು ಉಂಟು. ಮಗಳಿಗೆ ಹೇಳಿ ಮುಂಚೆಯೇ ನೋಡಿಸಿಕೊಳ್ಳಿ.

ಒಳಗೆ ನೇರವಾಗಿ ಟೆಕ್ಸ್‌ಟೈಲ್ ಗ್ಯಾಲರಿಗೆ ಹೋಗಿ. ಹತ್ತಿ ಯಂತ್ರಗಳನ್ನು ಓಡಿಸಿ ತೋರಿಸುವ ಹೊತ್ತು ಯಾವುದು ಅಂತ ಬಾಗಿಲಲ್ಲೇ ಕೇಳಿಕೊಳ್ಳಿ, ಅದಕ್ಕೆ ಸರಿಯಾಗಿ ಹೋಗಿ ನಿಲ್ಲಿ. ಅರಳೆ ಬಿಡಿಸುವುದು, ಕಾರ್ಡಿಂಗ್ ಅಂದರೆ ಅರಳೆಯನ್ನು ಬಾಚಿ ಹದ ಮಾಡುವುದು, ಎಳೆ ಎಳೆದು ಹುರಿ ಹಾಕುವುದು, ನೇಯುವುದು, ಎಲ್ಲಾ ಸಾಲಾಗಿ ಕಾಣುತ್ತದೆ. ಹಳೆಯ ಯಂತ್ರಗಳ ಮೇಲಿನ ಎರಕದ ಅಕ್ಷರಗಳನ್ನು ಓದುತ್ತಾ ಹೋಗಿ ಅಂತ ಯಜಮಾನರಿಗೆ ಹೇಳಿ. ಪಕ್ಕದ ಓಲ್ಡಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿಯ ಯಂತ್ರಗಳು ಭಾರತದ ಎಷ್ಟೋ ಮಿಲ್‌ಗಳಲ್ಲಿ ಓಡಿದವು. ಅವರ ಕಾಲದ ಹಿರಿಯ ಫಿಟ್ಟರುಗಳ ಬಾಯಲ್ಲಿ ಆ ಹೆಸರು ಕೇಳಿದ್ದರೂ ಕೇಳಿರಬಹುದು.

ಅದೇ ಮ್ಯೂಸಿಯಂನಲ್ಲಿ ‘ಬೇಬಿ’ ಅನ್ನುವ ಕಂಪ್ಯೂಟರಿನ ಮಾದರಿ ಇದೆ. ಯಂತ್ರದೊಳಗೇ ಪ್ರೋಗ್ರಾಂ ಇಟ್ಟುಕೊಂಡು ಓಡಿದ ಜಗತ್ತಿನ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು, 1948ರ ಜೂನ್ 21ರಂದು ಮ್ಯಾಂಚೆಸ್ಟರ್ ಯೂನಿವರ್ಸಿಟಿಯಲ್ಲಿ. ಮಗಳ ಜತೆ ಒಂದು ಫೋಟೋ ತೆಗೆಸಿಕೊಳ್ಳಿ, ಮುಂದೆ ಹೋಗಿ.

ಎರಡನೇ ದಿನ ಇಡೀ ಕ್ವಾರಿ ಬ್ಯಾಂಕ್‌ಗೆ ಕೊಡಿ. ಐದು ದಿನದಲ್ಲಿ ಒಂದೇ ಜಾಗ ನೋಡಿ ಅಂದರೆ ನಾನು ಇದನ್ನೇ ಹೇಳುವುದು. ನಗರದ ಹೊರಗೆ, ವಿಮಾನ ನಿಲ್ದಾಣದ ಹತ್ತಿರ ಸ್ಟೈಯಲ್ ಅನ್ನುವ ಹಳ್ಳಿಯಲ್ಲಿದೆ. ವಿಮಾನ ನಿಲ್ದಾಣದವರೆಗೆ ಟ್ರೇನ್ ಇಲ್ಲವೇ ಟ್ರಾಮ್, ಅಲ್ಲಿಂದ ಟ್ಯಾಕ್ಸಿ. ನಿಮ್ಮ ಮಂಡಿಗೆ ಇದೇ ಸರಿ. ಪ್ರವೇಶಕ್ಕೆ ದುಡ್ಡಿದೆ, ಹಳೆಯ ಸ್ಮಾರಕಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ನೋಡಿಕೊಳ್ಳುತ್ತಾರೆ.

ಸ್ಯಾಮ್ಯುಯೆಲ್ ಗ್ರೆಗ್ 1784ರಲ್ಲಿ ಬಾಲಿನ್ ನದಿಯ ಪಕ್ಕ ಈ ನೂಲಿನ ಗಿರಣಿ ಕಟ್ಟಿಸಿದ. ಆಗ ಶಕ್ತಿ ಬರುತ್ತಿದ್ದುದು ನೀರಿನ ಚಕ್ರದಿಂದ. ದೊಡ್ಡ ಕಬ್ಬಿಣದ ಚಕ್ರವೊಂದು ಈಗಲೂ ನೆಲಮಾಳಿಗೆಯಲ್ಲಿದೆ. ಮಾಳಿಗೆಗಳಲ್ಲಿ ಮಗ್ಗಗಳನ್ನು, ನೂಲುವ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ನಾಲ್ಕೈದು ಮಗ್ಗ ಓಡಿದರೇ ಪಕ್ಕದವರ ಮಾತು ಕೇಳಿಸುವುದಿಲ್ಲ. ನೂರಾರು ಓಡುತ್ತಿದ್ದ ಕಾಲದಲ್ಲಿ ಲ್ಯಾಂಕಾಶೈರ್‌ನ ಹೆಂಗಸರು ತುಟಿ ಅಲ್ಲಾಡಿಸಿ, ಕೈಸನ್ನೆ ಮಾಡಿ ಮಾತಾಡುವುದನ್ನೇ ರೂಢಿಸಿಕೊಂಡಿದ್ದರು. ಮನೆಗೆ ಬಂದಮೇಲೂ ಅದು ಬಿಡುತ್ತಿರಲಿಲ್ಲವಂತೆ.

ಅಲ್ಲಿ ಎರಡು ವಿಷಯ ಹತ್ತಿರದಿಂದ ನೋಡಿ. ಮೊದಲನೆಯದು ಲಾಳಿ. ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಈಚೆ ತರಬೇಕಲ್ಲ, ಅದಕ್ಕೆ ಲಾಳಿಗೆ ಬಾಯಿ ಇಟ್ಟು ಜೋರಾಗಿ ಉಸಿರೆಳೆಯುತ್ತಿದ್ದರು. ದಿನಕ್ಕೆ ಎಷ್ಟೋ ಸಲ, ಒಬ್ಬರು ಬಾಯಿಟ್ಟದ್ದಕ್ಕೇ ಇನ್ನೊಬ್ಬರು. ಹತ್ತಿಯ ದೂಳೂ ರೋಗವೂ ಒಟ್ಟಿಗೇ ಒಳಗೆ ಹೋಗುತ್ತಿತ್ತು. ಎರಡನೆಯದು ಸ್ಪಿನ್ನಿಂಗ್ ಮ್ಯೂಲ್. ಪಕ್ಕದ ಬೋಲ್ಟನ್ ಊರಿನ ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ಕಂಡುಹಿಡಿದದ್ದು. ನೂರಾರು ಕದಿರು ಹೊತ್ತ ಉದ್ದನೆಯ ಗಾಡಿಯೊಂದು ಗಾಲಿಗಳ ಮೇಲೆ ಮುಂದೆ ಬರುತ್ತಾ ಎಳೆ ಎಳೆಯುತ್ತದೆ, ಹುರಿ ಹಾಕುತ್ತದೆ, ವಾಪಸ್ ಹೋಗುತ್ತಾ ನೂಲು ಸುತ್ತಿಕೊಳ್ಳುತ್ತದೆ. ಆ ಗಾಡಿ ಹೋಗಿ ಬರುವ ನಡುವೆ, ಎಳೆಗಳ ಕೆಳಗೆ ತೆವಳಿಕೊಂಡು ಹೋಗಿ ಬಿದ್ದ ಅರಳೆ ಗುಡಿಸುವುದು ಮಕ್ಕಳ ಕೆಲಸ. ಯಂತ್ರ ನಿಲ್ಲಿಸುತ್ತಿರಲಿಲ್ಲ. ರಿಂಗ್ ಫ್ರೇಮ್ ಅನ್ನುವ ಮುಂದಿನ ಕಾಲದ ನೂಲುವ ಯಂತ್ರದಲ್ಲಿ ಕೆಲಸ ಮಾಡಿದವರು ಇದರ ಎದುರು ನಿಂತರೆ ಬೇಗ ಅಲ್ಲಾಡುವುದಿಲ್ಲ. ಯಜಮಾನರಿಗೆ ಟೈಮ್ ಕೊಡಿ, ನೀವು ಅಲ್ಲೇ ಬೆಂಚಿನ ಮೇಲೆ ಕೂತಿರಿ. ಯಂತ್ರ ಓಡಿಸುವವರ ಹತ್ತಿರ “ನಾನೂ ಮಿಲ್‌ನವನು” ಅಂತ ಒಂದು ಮಾತು ಹೇಳಲಿ. ಇಂಗ್ಲಿಷ್ ಅರ್ಧಂಬರ್ಧ ಬಂದರೂ ಪರವಾಗಿಲ್ಲ, ಕೈಯಲ್ಲೇ ಮಾತು ನಡೆಯುತ್ತದೆ.

ಗಿರಣಿಯಿಂದ ಸ್ವಲ್ಪ ಮೇಲೆ ಅಪ್ರೆಂಟಿಸ್ ಹೌಸ್ ಇದೆ. ಅನಾಥಾಲಯ, ಬಡವರ ಆಶ್ರಯಗಳಿಂದ ಕರೆತಂದ ಮಕ್ಕಳು ಅಲ್ಲಿರುತ್ತಿದ್ದರು. ಊಟ, ಬಟ್ಟೆ, ಮಲಗಲು ಜಾಗ, ಅದಕ್ಕೆ ಬದಲಾಗಿ ದಿನಕ್ಕೆ ಹನ್ನೆರಡು ಗಂಟೆ ದುಡಿಮೆ. 1806ರಲ್ಲಿ ಜೋಸೆಫ್ ಸೆಫ್ಟನ್, ಥಾಮಸ್ ಪ್ರೀಸ್ಟ್ಲಿ ಅನ್ನುವ ಇಬ್ಬರು ಹುಡುಗರು ಇಲ್ಲಿಂದ ಓಡಿಹೋದರು. ಥಾಮಸ್‌ಗೆ ಆಗ 13 ವರ್ಷ, ಯಂತ್ರಕ್ಕೆ ಸಿಕ್ಕಿ ಒಂದು ಬೆರಳು ಹೋಗಿತ್ತು. ಅಮ್ಮನನ್ನು ನೋಡಬೇಕು ಅಂತ ಇಬ್ಬರೂ ಲಂಡನ್‌ವರೆಗೆ ನಡೆದರು. ಅಲ್ಲಿ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ಅವರು ಕೊಟ್ಟ ಹೇಳಿಕೆ ದಾಖಲೆಯಲ್ಲಿ ಉಳಿದಿರುವುದರಿಂದಲೇ ಇಷ್ಟೆಲ್ಲ ಗೊತ್ತಾಗಿರುವುದು. ಗ್ರೆಗ್ ಆ ಕಾಲದ ಮಾಲೀಕರ ಪೈಕಿ ಒಳ್ಳೆಯವನು ಅಂತ ಹೆಸರು ಪಡೆದವನು. ವೆಸ್ಟ್ ಇಂಡೀಸ್‌ನಲ್ಲಿ ಗುಲಾಮರನ್ನು ದುಡಿಸುವ ತೋಟವೂ ಅವನದಿತ್ತು. ಎರಡನ್ನೂ ಅಲ್ಲಿ ಮುಚ್ಚಿಡದೆ ಹೇಳುತ್ತಾರೆ.

ಗಿರಣಿ ಇರುವುದು ನದಿ ಪಕ್ಕದ ತಗ್ಗಿನಲ್ಲಿ. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ. ಟಿಕೆಟ್ ಕೌಂಟರಿನಲ್ಲೇ ಹೇಳಿಬಿಡಿ, ಯಾವ ದಾರಿ ಅನುಕೂಲ ಅಂತ ತೋರಿಸುತ್ತಾರೆ.

ಮೂರನೇ ದಿನ ಮತ್ತೆ ನಗರಕ್ಕೆ ಬನ್ನಿ. ಬೆಳಿಗ್ಗೆ ಆಂಕೋಟ್ಸ್. ಪಿಕಡಿಲಿ ರೈಲು ನಿಲ್ದಾಣದ ಹಿಂಭಾಗದಿಂದ ಸ್ವಲ್ಪ ದೂರ. ರಾಚ್‌ಡೇಲ್ ಕಾಲುವೆಯ ಪಕ್ಕ ರೆಡ್‌ಹಿಲ್ ಸ್ಟ್ರೀಟ್‌ನಲ್ಲಿ ಮರ್ರೆ ಸಹೋದರರ ಗಿರಣಿ ಇದೆ, 1798ರಲ್ಲಿ ಕಟ್ಟಲು ಶುರು ಮಾಡಿದ್ದು. ಇದಕ್ಕೆ ನದಿ ಬೇಕಿರಲಿಲ್ಲ, ಮೊದಲಿನಿಂದಲೇ ಉಗಿಯಂತ್ರ. ಕ್ವಾರಿ ಬ್ಯಾಂಕ್ ನೋಡಿದ ಮಾರನೇ ದಿನ ಇದನ್ನು ನೋಡಿ ಅನ್ನುವುದಕ್ಕೆ ಅದೇ ಕಾರಣ. ಹಳ್ಳಿಯ ಹೊಳೆ ಪಕ್ಕ ಇದ್ದ ಗಿರಣಿ ಹೇಗೆ ಊರೊಳಗೆ ಬಂತು, ಹೇಗೆ ಜನರನ್ನೂ ಹಿಂದೆಯೇ ಎಳೆದುಕೊಂಡು ಬಂತು ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. 1850ರ ಹೊತ್ತಿಗೆ ಮ್ಯಾಂಚೆಸ್ಟರ್‌ನಲ್ಲಿ ಇಂಥ ಗಿರಣಿಗಳು ನೂರರ ಆಸುಪಾಸು ಇದ್ದವು. ಈಗ ಇವೆಲ್ಲ ಫ್ಲ್ಯಾಟ್, ಆಫೀಸು, ಕಾಫಿ ಅಂಗಡಿ. ಗಿರಣಿ ಕಾರ್ಮಿಕರು ಒಂದೊಂದು ಕೋಣೆಯಲ್ಲಿ ಕಿಕ್ಕಿರಿದು ಬದುಕಿದ ಬೀದಿಯಲ್ಲಿ ಈಗ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ದಾವಣಗೆರೆಯ ಮಿಲ್ ಜಾಗಗಳಲ್ಲಿ ಎದ್ದಿರುವ ಲೇಔಟ್‌ಗಳು ನೆನಪಾದರೆ ಆಶ್ಚರ್ಯವಿಲ್ಲ.

ಅಲ್ಲಿಂದ ಸೇಂಟ್ ಆನ್ಸ್ ಸ್ಕ್ವೇರ್ ಪಕ್ಕದ ರಾಯಲ್ ಎಕ್ಸ್‌ಚೇಂಜ್‌ಗೆ ಬನ್ನಿ. ಒಂದು ಕಾಲದಲ್ಲಿ ಜಗತ್ತಿನ ಹತ್ತಿ ವ್ಯಾಪಾರದ ಬಹುಪಾಲು ಈ ಒಂದು ಹಜಾರದಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ನಮ್ಮ ಹತ್ತಿಗೆ ಯಾವ ರೇಟು, ಯಾವ ಬಟ್ಟೆ ಎಲ್ಲಿಗೆ ಹೋಗಬೇಕು, ಎಲ್ಲಾ ಇಲ್ಲೇ ತೀರ್ಮಾನ. 1968ರಲ್ಲಿ ವ್ಯಾಪಾರ ನಿಂತಿತು. ಒಳಗೆ ಹೋಗಿ ಕತ್ತೆತ್ತಿ ನೋಡಿ: ಮೇಲೆ ಗೋಡೆಯಲ್ಲಿ ದೊಡ್ಡ ಬೋರ್ಡಿದೆ, ಅದರಲ್ಲಿ ಕೊನೆಯ ದಿನದ ದರಗಳು ಹಾಗೇ ಇವೆ. ಐವತ್ತು ವರ್ಷ ಕಳೆದರೂ ಯಾರೂ ತೆಗೆದಿಲ್ಲ. ಅರಳೆ ಮಾರುಕಟ್ಟೆಯಲ್ಲಿ ಬೆಳಗಿನ ದರ ಕೂಗುವುದನ್ನು ಕೇಳಿ ಬೆಳೆದವರಿಗೆ ಆ ಬೋರ್ಡಿನ ಮುಂದೆ ನಿಂತಾಗ ಏನಾಗುತ್ತದೋ ನನಗೆ ಗೊತ್ತಿಲ್ಲ, ನೀವೇ ಬರೆದು ತಿಳಿಸಬೇಕು. ಹಜಾರದ ನಡುವೆ ಈಗ ಗಾಜು-ಉಕ್ಕಿನ ಗುಂಡನೆಯ ರಂಗಮಂದಿರ ಇದೆ, 1976ರದ್ದು. ನೆಲ ಅಷ್ಟು ಭಾರ ತಡೆಯುವುದಿಲ್ಲ ಅಂತ ಅದನ್ನು ಸುತ್ತಲಿನ ಕಂಬಗಳಿಗೇ ತೂಗುಹಾಕಿದ್ದಾರೆ.

ಹತ್ತಿರದ ಕಾರ್ಪೊರೇಷನ್ ಸ್ಟ್ರೀಟ್‌ನಲ್ಲಿ ಒಂದು ಕೆಂಪು ಅಂಚೆ ಡಬ್ಬ ನೋಡಿ. 1996ರ ಜೂನ್ 15ರಂದು ಐಆರ್‌ಎ ಅನ್ನುವ ಐರಿಶ್ ಉಗ್ರ ಸಂಘಟನೆ ಇಟ್ಟ ಬಾಂಬು ಸಿಡಿದು ಸುತ್ತಲಿನ ಕಟ್ಟಡಗಳೆಲ್ಲ ನುಜ್ಜುಗುಜ್ಜಾದವು. ಜನರನ್ನು ಮೊದಲೇ ಖಾಲಿ ಮಾಡಿಸಿದ್ದರಿಂದ ಯಾರೂ ಸಾಯಲಿಲ್ಲ. ಈ ಡಬ್ಬಕ್ಕೂ ಏನೂ ಆಗಲಿಲ್ಲ.

ಹತ್ತಿಯ ದುಡ್ಡು ಹೋದದ್ದೆಲ್ಲಿ ಅಂದರೆ ಡೀನ್ಸ್‌ಗೇಟ್‌ನ ಜಾನ್ ರೈಲಂಡ್ಸ್ ಲೈಬ್ರರಿ ತೋರಿಸಬೇಕು. ರೈಲಂಡ್ಸ್ ಹತ್ತಿ ಬಟ್ಟೆಯ ವ್ಯಾಪಾರದಲ್ಲಿ ಊರಿಗೇ ದೊಡ್ಡ ಸಾಹುಕಾರ. ಅವನು ತೀರಿಕೊಂಡ ಮೇಲೆ ಹೆಂಡತಿ ಎನ್ರಿಕೆಟಾ ಅವನ ಹೆಸರಲ್ಲಿ ಇದನ್ನು ಕಟ್ಟಿಸಿದಳು, 1900ರಲ್ಲಿ ಓದುಗರಿಗೆ ತೆರೆಯಿತು. ಹೊರಗಿನಿಂದಲೂ ಒಳಗಿನಿಂದಲೂ ಚರ್ಚಿನಂತೆಯೇ ಕಾಣುತ್ತದೆ. ದೀಪದ ಹೊಗೆ ಪುಸ್ತಕಗಳಿಗೆ ಹತ್ತಬಾರದು ಅಂತ ಶುರುವಿನಿಂದಲೇ ವಿದ್ಯುತ್ ದೀಪ. ಬೈಬಲಿನ ಯೋಹಾನನ ಸುವಾರ್ತೆಯ ತೀರಾ ಹಳೆಯ ಒಂದು ಚೂರು ಇಲ್ಲಿದೆ, ಎಟಿಎಂ ಕಾರ್ಡಿನಷ್ಟೇ ಇರುವ ಪ್ಯಾಪಿರಸ್ ತುಂಡು. ಉಚಿತ. ವಾರದ ಕೆಲವು ದಿನ ಮುಚ್ಚಿರುತ್ತದೆ.

ಇನ್ನೊಂದು ಲೈಬ್ರರಿ ವಿಕ್ಟೋರಿಯಾ ನಿಲ್ದಾಣದ ಬಳಿಯ ಚೀತಮ್ಸ್. 1653ರಲ್ಲಿ ಶುರುವಾದದ್ದು, ಕಟ್ಟಡ ಅದಕ್ಕಿಂತಲೂ ಹಳೆಯದು. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಒಟ್ಟಿಗೆ ಕೂತು ಓದುತ್ತಿದ್ದ ಕಿಟಕಿ ಪಕ್ಕದ ಮೇಜು ಇಲ್ಲಿದೆ. ಎಂಗೆಲ್ಸ್ ಅಪ್ಪನಿಗೆ ಪಾಲಿದ್ದ ಕಂಪನಿಯದು ಪಕ್ಕದ ಸಾಲ್ಫರ್ಡ್‌ನಲ್ಲಿ ನೂಲಿನ ಗಿರಣಿ. ವ್ಯಾಪಾರ ಕಲಿಯಲಿ ಅಂತ ಅಪ್ಪ 1842ರಲ್ಲಿ ಮಗನನ್ನು ಕಳಿಸಿದ, ಮಗ ಕಲಿತದ್ದು ಬೇರೆಯೇ. ಇಲ್ಲಿಗೆ ಗೈಡ್ ಜತೆಗೇ ಹೋಗಬೇಕು, ಟಿಕೆಟ್ ಮುಂಚೆ ತೆಗೆದುಕೊಳ್ಳಬೇಕು. ಮೆಟ್ಟಿಲು ಇದೆ. ಎಂಗೆಲ್ಸ್ ವಿಗ್ರಹ ಬೇಕಿದ್ದರೆ ಫಸ್ಟ್ ಸ್ಟ್ರೀಟ್ ಹತ್ತಿರ ಒಂದಿದೆ. ಉಕ್ರೇನ್‌ನಲ್ಲಿ ಬೇಡವಾಗಿ ಬಿದ್ದಿದ್ದ ಸೋವಿಯತ್ ಕಾಲದ ಮೂರ್ತಿ, 2017ರಲ್ಲಿ ಲಾರಿಯಲ್ಲಿ ಹೇರಿಕೊಂಡು ಬಂದು ನಿಲ್ಲಿಸಿದರು.

ಅದೇ ಸುತ್ತಿನಲ್ಲಿ ಸೇಂಟ್ ಪೀಟರ್ಸ್ ಸ್ಕ್ವೇರ್ ಬಳಿ ಪೀಟರ್‌ಲೂ ಸ್ಮಾರಕ ನೋಡಿ. 1819ರ ಆಗಸ್ಟ್ 16. ಮ್ಯಾಂಚೆಸ್ಟರ್‌ಗೆ ಪಾರ್ಲಿಮೆಂಟಿನಲ್ಲಿ ಆಗ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಮತದಾನದ ಹಕ್ಕು ಕೇಳಲು ಸುಮಾರು 60,000 ಜನ ಹೆಂಗಸರು ಮಕ್ಕಳ ಸಮೇತ ಬಂದು ಸೇರಿದ್ದರು. ಕುದುರೆ ಸವಾರರು ಕತ್ತಿ ಹಿಡಿದು ಗುಂಪಿನೊಳಗೆ ನುಗ್ಗಿದರು. 18 ಜನ ಸತ್ತರು, ನೂರಾರು ಜನರಿಗೆ ಗಾಯ. ಸ್ಮಾರಕದ ವೃತ್ತಾಕಾರದ ಮೆಟ್ಟಿಲುಗಳ ಮೇಲೆ ಸತ್ತವರ ಹೆಸರು, ಊರು ಕೊರೆದಿದ್ದಾರೆ. ಟೌನ್ ಹಾಲ್ ಅಲ್ಲೇ ಪಕ್ಕ, 1877ರ ಭವ್ಯ ಕಟ್ಟಡ. 2018ರಲ್ಲಿ ದೊಡ್ಡ ದುರಸ್ತಿಗೆಂದು ಮುಚ್ಚಿದರು, ನೀವು ಬರುವಾಗ ಒಳಗೆ ಬಿಡುತ್ತಾರಾ ಕೇಳಿಕೊಳ್ಳಿ.

ಈಗ ನಮ್ಮ ಕಡೆಯ ಕಥೆ. ಲಿಂಕನ್ ಸ್ಕ್ವೇರ್ ಅನ್ನುವಲ್ಲಿ ಅಬ್ರಹಾಂ ಲಿಂಕನ್ ಪ್ರತಿಮೆ ಇದೆ. ಅಮೆರಿಕದ ಅಧ್ಯಕ್ಷನಿಗೆ ಇಲ್ಲೇನು ಕೆಲಸ? 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಬಂದ್ ಆದವು. ಗುಲಾಮರು ಬೆಳೆದ ಹತ್ತಿ ಬರುವುದು ನಿಂತಿತು, ಲ್ಯಾಂಕಾಶೈರ್‌ನ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಜನ ಬೀದಿಗೆ ಬಿದ್ದರು. ಅಂಥ ಹೊತ್ತಿನಲ್ಲೂ ಮ್ಯಾಂಚೆಸ್ಟರ್ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಕಳಿಸಿದರು. ಮುಂದಿನ ತಿಂಗಳು ಅವನು ಬರೆದ ಉತ್ತರದ ಮಾತುಗಳು ಪ್ರತಿಮೆಯ ಪೀಠದ ಮೇಲಿವೆ.

ಅದೇ ಹತ್ತಿಯ ಬರಗಾಲದಲ್ಲಿ ಮ್ಯಾಂಚೆಸ್ಟರ್ ಕಣ್ಣು ಧಾರವಾಡದ ಎರೆ ಹೊಲಗಳ ಮೇಲೆ ಬಿತ್ತು. 1840ರ ದಶಕದಲ್ಲೇ ಕಂಪನಿ ಸರ್ಕಾರ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ಧಾರವಾಡ ಸೀಮೆಯಲ್ಲಿ ಬಿತ್ತಿಸಿತ್ತು. ‘ಧಾರವಾಡ ಅಮೆರಿಕನ್’ ಅಂತ ತಳಿಗೆ ಹೆಸರೇ ಬಂತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ–ಸದಾಶಿವಗಡದಲ್ಲಿ ಬಂದರು ಬೇಕು, ಧಾರವಾಡದಿಂದ ರಸ್ತೆ ಬೇಕು ಅಂತ ಸರ್ಕಾರದ ಬೆನ್ನು ಹತ್ತಿದವರು ಮ್ಯಾಂಚೆಸ್ಟರ್ ವ್ಯಾಪಾರಿಗಳು. ಭಾರತದ ಹತ್ತಿಗೆಲ್ಲ ಇಲ್ಲಿ ‘ಸೂರತ್’ ಅಂತಲೇ ಹೆಸರು. ಎಳೆ ಗಿಡ್ಡ, ಕಸ ಜಾಸ್ತಿ, ಯಂತ್ರದ ಮೇಲೆ ಕಡಿದು ಕಡಿದು ಪ್ರಾಣ ತಿನ್ನುತ್ತದೆ ಅಂತ ಕಾರ್ಮಿಕರ ಗೋಳು. “ದೇವರೇ, ಹತ್ತಿ ಕೊಡು, ಸೂರತ್ ಮಾತ್ರ ಬೇಡ” ಅಂತ ಒಬ್ಬ ಪ್ರಾರ್ಥನೆ ಮಾಡಿದ ಅನ್ನುವ ಕಥೆ ಲ್ಯಾಂಕಾಶೈರ್‌ನಲ್ಲಿ ಇದೆ.

ಇನ್ನು ಎಪ್ಪತ್ತು ವರ್ಷ ಮುಂದೆ ಬನ್ನಿ. 1931ರ ಸೆಪ್ಟೆಂಬರ್‌ನಲ್ಲಿ ದುಂಡು ಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ಮ್ಯಾಂಚೆಸ್ಟರ್‌ನ ಉತ್ತರಕ್ಕಿರುವ ಡಾರ್ವೆನ್ ಊರಿಗೆ ಹೋದರು. ಖಾದಿ ಚಳವಳಿಯ ಪೆಟ್ಟು ಬಿದ್ದದ್ದು ಇದೇ ಗಿರಣಿ ಊರುಗಳಿಗೆ, ಕೆಲಸ ಕಳೆದುಕೊಂಡವರು ಊರ ತುಂಬ. ಅವರೇ ಗಾಂಧೀಜಿಯನ್ನು ಪ್ರೀತಿಯಿಂದ ಬರಮಾಡಿಕೊಂಡರು. ಗಿರಣಿಯ ಹೆಣ್ಣುಮಕ್ಕಳು ಅವರ ಸುತ್ತ ನಿಂತು ಕೈ ಎತ್ತಿ ಕೂಗುತ್ತಿರುವ ಫೋಟೋ ನೀವು ನೋಡಿಯೇ ಇರುತ್ತೀರಿ. ಮ್ಯಾಂಚೆಸ್ಟರ್ ಕ್ಯಾಥೆಡ್ರಲ್ ಹೊರಗೆ 2019ರಲ್ಲಿ ಗಾಂಧಿ ಪ್ರತಿಮೆ ನಿಲ್ಲಿಸಿದ್ದಾರೆ. ಮಾಡಿದವರು ರಾಮ್ ಸುತಾರ್. ಬೆಂಗಳೂರು ವಿಮಾನ ನಿಲ್ದಾಣದ ಕೆಂಪೇಗೌಡರ 108 ಅಡಿಯ ಪ್ರತಿಮೆಯೂ ಅವರದೇ.

ನಾಲ್ಕನೇ ದಿನ ರಾಚ್‌ಡೇಲ್. ವಿಕ್ಟೋರಿಯಾ ನಿಲ್ದಾಣದಿಂದ ಟ್ರೇನ್‌ನಲ್ಲಿ ಹೋಗಿ, ಟ್ರಾಮ್ ತುಂಬಾ ಸುತ್ತು ಹೊಡೆಯುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಕಮ್ಮಿ, ಆದರೆ ಕನ್ನಡದವರು ಬರಲೇಬೇಕು ಅನ್ನುವುದು ನನ್ನ ಹಠ. ಟೋಡ್ ಲೇನ್ ಅನ್ನುವ ಸಣ್ಣ ಬೀದಿಯಲ್ಲಿ ಒಂದು ಪುಟ್ಟ ಅಂಗಡಿ ಮ್ಯೂಸಿಯಂ ಆಗಿದೆ. 1844ರ ಡಿಸೆಂಬರ್ 21ರಂದು 28 ಜನ ಸೇರಿ, ಅವರಲ್ಲಿ ಹಲವರು ನೇಕಾರರು, ತಮ್ಮದೇ ದುಡ್ಡು ಹಾಕಿ ಇಲ್ಲಿ ಅಂಗಡಿ ತೆರೆದರು. ಆಗ ವ್ಯಾಪಾರಿಗಳು ಹಿಟ್ಟಿಗೆ ಸುಣ್ಣದ ಪುಡಿ ಬೆರೆಸುತ್ತಿದ್ದ ಕಾಲ. ಇವರ ಅಂಗಡಿಯಲ್ಲಿ ಮೊದಲ ದಿನ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದಬತ್ತಿ. ಅಷ್ಟೇ. ತೂಕ ಸರಿ, ಕಲಬೆರಕೆ ಇಲ್ಲ, ಲಾಭ ಕೊಂಡವರಿಗೇ ಹಂಚಿಕೆ, ಒಬ್ಬ ಸದಸ್ಯನಿಗೆ ಒಂದೇ ಮತ. ಜಗತ್ತಿನ ಸಹಕಾರ ಚಳವಳಿ ಹಿಡಿದ ದಾರಿ ಇದೇ. ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರಲ್ಲ, ಅದು ಈ ಮರದ ಕೊಂಬೆಯೇ. ನಿಮ್ಮೂರಿನ ಸೊಸೈಟಿಯಲ್ಲಿ ಷೇರು ಇಟ್ಟಿದ್ದರೆ ಈ ಅಂಗಡಿ ನೋಡಲು ನಿಮಗೆ ಹಕ್ಕೇ ಇದೆ ಅನ್ನಿ.

ಐದನೇ ದಿನ ಸುಮ್ನೆ ಆರಾಮಾಗಿ. ಟ್ರಾಮ್ ಹಿಡಿದು ಸಾಲ್ಫರ್ಡ್ ಕೀಸ್‌ಗೆ ಹೋಗಿ. 1894ರಲ್ಲಿ 58 ಕಿಲೋಮೀಟರ್ ಶಿಪ್ ಕೆನಾಲ್ ತೋಡಿ, ಸಮುದ್ರವಿಲ್ಲದ ಊರಿಗೆ ಹಡಗು ತಂದು ನಿಲ್ಲಿಸಿದರು. ಆ ಹಡಗುಕಟ್ಟೆಯೇ ಇದು. ಈಗ ಗಾಜಿನ ಕಟ್ಟಡಗಳು, ಬಿಬಿಸಿ ಸ್ಟುಡಿಯೋ. ‘ದ ಲೌರಿ’ ಅನ್ನುವ ಕಲಾಕೇಂದ್ರದಲ್ಲಿ ಎಲ್. ಎಸ್. ಲೌರಿಯ ಚಿತ್ರಗಳಿವೆ: ಗಿರಣಿ ಚಿಮಣಿಗಳ ಕೆಳಗೆ ಕಡ್ಡಿಯಂಥ ಜನ ಸಾಲುಸಾಲಾಗಿ ನಡೆಯುತ್ತಿರುವುದು. ಅವನು ಹೊಟ್ಟೆಪಾಡಿಗೆ ಮನೆಮನೆಗೆ ಹೋಗಿ ಬಾಡಿಗೆ ವಸೂಲಿ ಮಾಡುತ್ತಿದ್ದವನು, ರಿಟೈರ್ ಆಗುವವರೆಗೂ ಆ ಕೆಲಸ ಬಿಡಲಿಲ್ಲ. ಶಿಫ್ಟ್ ಬಿಟ್ಟ ಹೊತ್ತಿನ ಗೇಟು ನೋಡಿದವರಿಗೆ ಈ ಚಿತ್ರಗಳನ್ನು ಯಾರೂ ವಿವರಿಸಬೇಕಿಲ್ಲ.

ಸ್ಟೇಡಿಯಂ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಓಲ್ಡ್ ಟ್ರಾಫರ್ಡ್ ಎರಡಿವೆ, ಒಂದು ಫುಟ್‌ಬಾಲ್, ಒಂದು ಕ್ರಿಕೆಟ್, ಅಕ್ಕಪಕ್ಕದಲ್ಲೇ. ಓಲ್ಡ್ ಟ್ರಾಫರ್ಡ್ ಟ್ರಾಮ್ ಸ್ಟಾಪ್ ಇರುವುದು ಕ್ರಿಕೆಟ್ ಮೈದಾನದ ಮಗ್ಗುಲಲ್ಲಿ. ನಮ್ಮ ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಇಲ್ಲೇ, 1990ರ ಆಗಸ್ಟ್‌ನಲ್ಲಿ. ಅದೇ ಪಂದ್ಯದಲ್ಲಿ 17ರ ಸಚಿನ್ ಮೊದಲ ಟೆಸ್ಟ್ ಶತಕ ಹೊಡೆದು ಮ್ಯಾಚ್ ಉಳಿಸಿದ. ಜೂನ್‌ನಲ್ಲಿ ಕೌಂಟಿ ಪಂದ್ಯ ಇದ್ದರೆ ಟಿಕೆಟ್ ಸುಲಭವಾಗಿ ಸಿಗುತ್ತದೆ. ಬಿಸಿಲಿನಲ್ಲಿ ಕಾಲು ಚಾಚಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಫುಟ್‌ಬಾಲ್ ಸೀಸನ್ ಆಗ ಮುಗಿದಿರುತ್ತದೆ, ಸ್ಟೇಡಿಯಂ ಟೂರ್ ಅಷ್ಟೇ. ಅದರ ಟಿಕೆಟ್ ದುಬಾರಿ. ಯಾರಿಗಾದರೂ ಹುಚ್ಚು ಇದ್ದರೆ ಮಾತ್ರ ಹೋಗಿ.

ಊಟದ ಚಿಂತೆ ಬೇಡ. ‘ಕರಿ ಮೈಲ್’ ಅಂತ ರಷಮ್‌ನ ವಿಲ್ಮ್‌ಸ್ಲೊ ರಸ್ತೆಗೆ ಎಲ್ಲರೂ ಕಳಿಸುತ್ತಾರೆ. ಸಂಜೆ ದೀಪಗಳ ಸಾಲು ಚೆನ್ನಾಗಿರುತ್ತದೆ, ಆದರೆ ಈಗ ಅಲ್ಲಿ ಕಬಾಬು, ಶವರ್ಮಾದ ಅಂಗಡಿಗಳೇ ಜಾಸ್ತಿ, ನಿಮಗೆ ಅಷ್ಟು ಹಿಡಿಸಲಿಕ್ಕಿಲ್ಲ. ಅದರ ಬದಲು ನಾರ್ದರ್ನ್ ಕ್ವಾರ್ಟರ್‌ನ ಸಂದಿಗಳಲ್ಲಿ ‘ರೈಸ್ ಅಂಡ್ ತ್ರೀ’ ಹುಡುಕಿ. ಒಂದು ತಟ್ಟೆ ಅನ್ನ, ಮೇಲೆ ಮೂರು ಬಗೆ ಸಾರು-ಪಲ್ಯ. ಆ ಸುತ್ತಿನ ಬಟ್ಟೆ ಗೋದಾಮುಗಳಲ್ಲಿ ದುಡಿಯುತ್ತಿದ್ದ ಏಷ್ಯಾದವರಿಗಾಗಿ ಶುರುವಾದ ಮೆಸ್ಸಿನ ಊಟ. ಮೂರೂ ತರಕಾರಿಯದ್ದೇ ಹಾಕಿ ಅಂದರೆ ಹಾಕುತ್ತಾರೆ. ಸಸ್ಯಾಹಾರಕ್ಕೆ ಈ ಊರು ಹೊಸದೇನಲ್ಲ. 1809ರಲ್ಲೇ ಸಾಲ್ಫರ್ಡ್‌ನಲ್ಲಿ ವಿಲಿಯಂ ಕೌಹರ್ಡ್ ಅನ್ನುವ ಪಾದ್ರಿ ಮಾಂಸ ಬಿಟ್ಟವರದೇ ಒಂದು ಚರ್ಚು ಕಟ್ಟಿದ್ದ. ಬೇಕರಿಯಲ್ಲಿ ಎಕಲ್ಸ್ ಕೇಕ್ ಕೊಳ್ಳುವಾಗ ಮಾತ್ರ ಬೆಣ್ಣೆಯೋ ಪ್ರಾಣಿ ಕೊಬ್ಬೋ ಅಂತ ಕೇಳಿಕೊಳ್ಳಿ.

ಹವೆಯ ಬಗ್ಗೆ: ವರ್ಷದ ಲೆಕ್ಕದಲ್ಲಿ ಇಲ್ಲಿ ಬೀಳುವ ಮಳೆ ಬೆಂಗಳೂರಿಗಿಂತ ಜಾಸ್ತಿಯೇನಲ್ಲ. ಜಿಟಿಜಿಟಿ ಅಂತ ದಿನಗಟ್ಟಲೆ ಹಿಡಿಯುತ್ತದೆ, ಅದೇ ತೊಂದರೆ. ಗಾಳಿಗೆ ಕೊಡೆ ಉಲ್ಟಾ ಆಗುತ್ತದೆ, ಟೋಪಿ ಇರುವ ಮಳೆ ಜಾಕೆಟ್ ತನ್ನಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ, ಆದರೆ ಮ್ಯೂಸಿಯಂಗಳು ಐದಕ್ಕೇ ಬಾಗಿಲು ಹಾಕುತ್ತವೆ. ಬೆಳಿಗ್ಗೆ ತಿಂಡಿ ಮುಗಿಸಿ ಬೇಗ ಹೊರಡಿ, ಸಂಜೆಯ ಬೆಳಕನ್ನು ಕಾಲುವೆ ದಂಡೆಗೆ ಇಟ್ಟುಕೊಳ್ಳಿ. ಹಳದಿ ಬಸ್ಸು, ಹಳದಿ ಟ್ರಾಮಿಗೆಲ್ಲ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು, ಒಂದು ದಿನಕ್ಕೆ ಇಷ್ಟೇ ಅಂತ ಮಿತಿ ಇರುತ್ತದೆ. ಟ್ರಾಮಿಗೆ ಹತ್ತುವಾಗಲೂ ಇಳಿದ ಮೇಲೂ ಮುಟ್ಟಿಸಬೇಕು. ಇಳಿದಾಗ ಮರೆತರೆ ದುಡ್ಡು ಜಾಸ್ತಿ ಹೋಗುತ್ತದೆ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು.

ಮಗಳಿಗೆ ಈಗಲೇ ಎರಡು ಬುಕಿಂಗ್ ಮಾಡಲು ಹೇಳಿ: ಕ್ವಾರಿ ಬ್ಯಾಂಕ್, ಅಪ್ರೆಂಟಿಸ್ ಹೌಸ್ ಸಮೇತ, ಮತ್ತು ಚೀತಮ್ಸ್ ಟೂರ್. ಕ್ವಾರಿ ಬ್ಯಾಂಕ್‌ಗೆ ದಿನ ಆರಿಸುವಾಗ ಯಂತ್ರಗಳು ಓಡುತ್ತವೆ ಅಂತ ಖಾತ್ರಿ ಮಾಡಿಕೊಳ್ಳಲಿ. ನಿಂತ ಯಂತ್ರ ನೋಡಲು ಯಜಮಾನರು ಅಷ್ಟು ದೂರ ಬರಬೇಕಿಲ್ಲ, ದಾವಣಗೆರೆಯಲ್ಲೇ ನೋಡಿರುತ್ತಾರೆ.